ಹಳೆ ಕಾರಿನಲ್ಲಿ ಊರಿಗೆ: ಡಿಕ್ಕಿಯಲ್ಲಿ ಇರಲೇಬೇಕಾದ ಸಾಮಾನು

ಮುಂಬಯಿ: ಏಪ್ರಿಲ್ ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಮಕ್ಕಳಿಗೆ ರಜೆ, ಊರಿನಲ್ಲಿ ನೇಮ, ಬ್ರಹ್ಮಕಲಶ, ಮದುವೆ, ಗೃಹಪ್ರವೇಶ. 1998ರಲ್ಲಿ ಕೊಂಕಣ ರೈಲು ಮಂಗಳೂರಿನ ತನಕ ಓಡತೊಡಗಿದ ಮೇಲೆ ಪ್ರಯಾಣ ಸುಲಭವಾಯಿತು ನಿಜ. ಆದರೆ ಮೇ ತಿಂಗಳ ಟಿಕೆಟು ಯಾರ ಕೈಗೆ ಸಿಗುತ್ತದೆ? 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನಗಳಿಂದ 60 ದಿನಕ್ಕೆ ಇಳಿದಿದೆ. ಕೌಂಟರ್ ತೆರೆದ ಕೆಲವೇ ನಿಮಿಷಗಳಲ್ಲಿ ವೈಟಿಂಗ್ ಲಿಸ್ಟ್. ಹೀಗಾಗಿ ಒಂದಷ್ಟು ಕುಟುಂಬಗಳು ಸೊಸೈಟಿ ಆವರಣದಲ್ಲಿ ಹೊದಿಕೆ ಹೊದ್ದು ನಿಂತ ಹಳೆ ಕಾರಿನತ್ತ ನೋಡುತ್ತವೆ. ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ, ಮಾವನಿಂದ ಬಂದ ಅಂಬಾಸಿಡರ್, ಮೊದಲ ಬೋನಸ್ಸಿನಲ್ಲಿ ಮುಂಗಡ ಕಟ್ಟಿ ತಂದ ಮಾರುತಿ 800. ಮಾರಲು ಮನಸ್ಸಿಲ್ಲ, ಓಡಿಸಲು ಸ್ವಲ್ಪ ಅಳುಕು.

ಆ ಅಳುಕಿಗೆ ಕಾರಣವಿದೆ. ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ಪನ್ವೇಲ್ ದಾಟಿದರೆ ಪೆಣ್, ಮಾಣಗಾಂವ್, ಮಹಾಡ್, ಕಶೇಡಿ ಘಾಟಿ, ಪರಶುರಾಮ ಘಾಟಿ, ಚಿಪ್ಳೂಣ್, ಹಾತಖಂಬಾ, ರಾಜಾಪುರ, ಕಣಕವಲಿ, ಸಾವಂತವಾಡಿ. ಬಳಿಕ ಗೋವಾ, ಮಾಜಾಳಿ, ಕಾರವಾರ. ನಡುರಾತ್ರಿ ಘಾಟಿಯ ತಿರುವಿನಲ್ಲಿ ಕಾರು ನಿಂತರೆ, ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ಪುಟ್ಟ ಮಕ್ಕಳು, ಎದುರಿನಿಂದ ಬರುವ ಟ್ರೇಲರುಗಳ ಬೆಳಕು. ಅದು ಬರೀ ತೊಂದರೆಯಲ್ಲ, ಅಪಾಯ. ಹಿಂದೆ ಇದೇ ಹೆದ್ದಾರಿಯ (ಆಗ ರಾ.ಹೆ. 17, ಈಗ 66) ಬದಿಯ ಪ್ರತಿ ಗ್ಯಾರೇಜಿನಲ್ಲೂ ಫಿಯೆಟ್ ಬಿಚ್ಚಿ ಜೋಡಿಸಬಲ್ಲವರು ಇದ್ದರು. ಇಂದು ಕಂಪ್ಯೂಟರ್ ಹಚ್ಚಿ ದೋಷ ಹುಡುಕುವ ಹುಡುಗನ ಮುಂದೆ ಕಾರ್ಬ್ಯುರೇಟರ್ ತೋರಿಸಿದರೆ ಅವನು ಒಳಗಿದ್ದ ಅಪ್ಪನನ್ನು ಕರೆಯುತ್ತಾನೆ. ಅಪ್ಪ ಇದ್ದರೆ ಪುಣ್ಯ. ಇದ್ದರೂ ಅವರ ಬಳಿ ಬಿಡಿಭಾಗ ಇರಬೇಕಲ್ಲ?

ಕುರ್ಲಾದ ನಂಟು

ಪದ್ಮಿನಿ ನಮ್ಮ ಮುಂಬಯಿಯ ಮಗಳು ಎಂಬುದು ಹೊಸ ತಲೆಮಾರಿಗೆ ತಿಳಿದಿರಲಿಕ್ಕಿಲ್ಲ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರ್ಖಾನೆ ಇದ್ದುದು ಕುರ್ಲಾದಲ್ಲಿ. 1964ರಲ್ಲಿ ಅಲ್ಲಿಂದ ಫಿಯೆಟ್ 1100 ಡಿಲೈಟ್ ಹೊರಬಂತು. ಅದೇ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಬಳಿಕ ಪ್ರೀಮಿಯರ್ ಪದ್ಮಿನಿ ಆಯಿತು. ಆದರೂ ನಮ್ಮವರ ಬಾಯಲ್ಲಿ ಕೊನೆಯ ತನಕ ಅದು 'ಫಿಯೆಟ್' ಮಾತ್ರ. ಹಳಿಗಳ ಆಚೆ ಪೂರ್ವದಲ್ಲಿ ಬಂಟರ ಭವನ, ಈಚೆ ಪಶ್ಚಿಮದಲ್ಲಿ ಫಿಯೆಟ್ ಹುಟ್ಟಿದ ಜಾಗ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ತಯಾರಿಕೆ ನಿಂತಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಮಾರುತಿ 800 ಮತ್ತು ಅಂಬಾಸಿಡರ್‌ಗಳ ತಯಾರಿಕೆ 2014ರಲ್ಲೇ ನಿಂತಿದೆ.

ಟ್ಯಾಕ್ಸಿಗಳು ಹೋದದ್ದರ ಪೆಟ್ಟು ಖಾಸಗಿ ಕಾರಿನವರಿಗೆ ಬಿದ್ದಿದೆ. ಸಾವಿರಾರು ಟ್ಯಾಕ್ಸಿಗಳು ಓಡುತ್ತಿದ್ದಾಗ ಅವುಗಳಿಗಾಗಿ ಬಿಡಿಭಾಗ ತಯಾರಾಗುತ್ತಿತ್ತು, ಮೂಲೆ ಮೂಲೆಯ ಅಂಗಡಿಯಲ್ಲಿ ಸಿಗುತ್ತಿತ್ತು. ಈಗ ಒಪೆರಾ ಹೌಸ್ ಸುತ್ತಲಿನ ಸ್ಪೇರ್ ಪಾರ್ಟ್ ಅಂಗಡಿಗಳು, ಕುರ್ಲಾ ಸಿಎಸ್‌ಟಿ ರಸ್ತೆಯ ಗುಜರಿ ಸಾಲು, ಚೋರ್ ಬಜಾರ್ ಸುತ್ತಬೇಕು. ಹೊರಡುವ ಹಿಂದಿನ ದಿನ ಹೋದರೆ ಪ್ರಯೋಜನವಿಲ್ಲ. ಕನಿಷ್ಠ ಒಂದು ತಿಂಗಳು ಮೊದಲೇ ಪಟ್ಟಿ ಹಿಡಿದು ಹೊರಡುವುದು ಲೇಸು.

ಮೊದಲು ಕರೆಂಟು, ಆಮೇಲೆ ಪೆಟ್ರೋಲು

ಹಳೆ ಪೆಟ್ರೋಲ್ ಕಾರು ದಾರಿಯಲ್ಲಿ ನಿಂತರೆ ಕಾರಣ ಹೆಚ್ಚಾಗಿ ಎರಡೇ: ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ, ಇಲ್ಲವೇ ಎಂಜಿನ್ನಿಗೆ ಪೆಟ್ರೋಲ್ ಬರುತ್ತಿಲ್ಲ. ಯಾವುದು ಎಂದು ತಿಳಿಯಲು ಒಂದು ಪ್ಲಗ್ ಬಿಚ್ಚಿ, ಅದರ ವಯರ್ ಸಿಕ್ಕಿಸಿಯೇ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಸೆಲ್ಫ್ ಹೊಡೆಸಿ ನೋಡಬೇಕು. ನೀಲಿ ಕಿಡಿ ಹಾರಿದರೆ ಕರೆಂಟು ಸರಿಯಿದೆ, ಪೆಟ್ರೋಲ್ ಕಡೆ ಹುಡುಕಬೇಕು. ಪೆಟ್ರೋಲ್ ವಾಸನೆ ಇದ್ದಾಗ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯುವ ಸಾಹಸವೂ ಬೇಡ.

ಕಿಡಿಯ ದೋಷ ಬಹುಪಾಲು ಡಿಸ್ಟ್ರಿಬ್ಯೂಟರಿನಲ್ಲಿ. ಗ್ಯಾರೇಜಿನವರು ಇದನ್ನು 'ಡೆಲ್ಕೊ' ಎನ್ನುತ್ತಾರೆ. ಮುಂಬಯಿ-ಗೋವಾ ದಾರಿಯಲ್ಲಿ ಆ ಹೆಸರೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಾನಾ ಎಂದರೆ ಸ್ಪ್ಯಾನರ್, ಪಕ್ಕಡ್ ಎಂದರೆ ಇಕ್ಕಳ, ಟಾಮಿ ಎಂದರೆ ಸಲಾಕೆ, ಪಟ್ಟಾ ಎಂದರೆ ಬೆಲ್ಟ್. ಇಷ್ಟು ಮರಾಠಿ-ಹಿಂದಿ ಗೊತ್ತಿದ್ದರೆ ಮಹಾಡಿನ ಗ್ಯಾರೇಜೂ ನಮ್ಮದೇ. ಡೆಲ್ಕೊದ ಒಳಗಿನ ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ರೋಟರ್, ಮೇಲಿನ ಕ್ಯಾಪ್ ಈ ನಾಲ್ಕನ್ನೂ ಒಂದೊಂದು ಜೋಡಿ ಇಟ್ಟುಕೊಳ್ಳಬೇಕು. ಎಲ್ಲವೂ ಸೇರಿ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತವೆ. ಪಾಯಿಂಟಿನ ಅಂತರ ಸುಮಾರು 0.4ರಿಂದ 0.5 ಮಿಲಿಮೀಟರ್ ಇರಬೇಕು. ಅದಕ್ಕೊಂದು ಫೀಲರ್ ಗೇಜ್, ಪಾಯಿಂಟ್ ಉಜ್ಜಲು ಸಣ್ಣ ಅರ ಅಥವಾ ನಯವಾದ ಮರಳು ಕಾಗದ.

ಇಲ್ಲಿ ಹಳಬರ ಒಂದು ಉಪಾಯ ಹೇಳಲೇಬೇಕು. ಹೊಸ ಕಂಡೆನ್ಸರ್ ತಂದು ಪೊಟ್ಟಣದಲ್ಲೇ ಡಿಕ್ಕಿಗೆ ಹಾಕುವುದಲ್ಲ. ಹೊಸದನ್ನು ಕಾರಿಗೆ ಹಾಕಿ, ಊರಿಗೆ ಹೊರಡುವ ಮೊದಲು ಆಫೀಸಿಗೋ ಸಂಘದ ಸಭೆಗೋ ನಾಲ್ಕಾರು ಸಲ ಹೋಗಿ ಬಂದು, ಇಷ್ಟು ದಿನ ಸರಿಯಾಗಿ ಓಡಿದ ಹಳೆಯದನ್ನು ಡಬ್ಬಿಯಲ್ಲಿ ಇಡುವುದು. ಈಗ ಸಿಗುವ ಮಾಲಿನ ಗುಣಮಟ್ಟ ಹೇಗೆಂದರೆ, ಪೊಟ್ಟಣ ಚಂದ, ಒಳಗಿನದು ದೇವರಿಗೇ ಪ್ರೀತಿ. ಕಶೇಡಿಯ ಕತ್ತಲಲ್ಲಿ ಅದನ್ನು ಪರೀಕ್ಷಿಸುವುದು ಜಾಣತನವಲ್ಲ. ಇಗ್ನಿಶನ್ ಕಾಯಿಲ್‌ಗೂ ಇದೇ ಮಾತು.

ಪೆಟ್ರೋಲಿನ ಕಡೆ ಬಂದರೆ, ಮೇ ತಿಂಗಳ ಬಿಸಿಲಲ್ಲಿ ಪೂರ್ತಿ ಲೋಡಿನೊಂದಿಗೆ ಘಾಟಿ ಹತ್ತುವಾಗ ಫಿಯೆಟ್ ಗಕ್ಕನೆ ನಿಲ್ಲುವುದು ಹಳೆಯ ಕಥೆ. ಎಂಜಿನ್ನಿನ ಬಿಸಿಗೆ ಪಂಪು ಮತ್ತು ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿಬಿಡುತ್ತದೆ. ಪಂಪು ಆವಿಯನ್ನು ಎಳೆಯಲಾರದು. ಮದ್ದು ಸರಳ: ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಚಾ ಕುಡಿಯುವಷ್ಟು ಹೊತ್ತು ಕಾಯುವುದು. ಆದ್ದರಿಂದ ಹಳೆ ಬೈರಾಸು ಒಂದೆರಡು ಕಾರಿನಲ್ಲಿರಲಿ. ಪಂಪಿನ ಡಯಾಫ್ರಮ್ ಹರಿದಿದ್ದರೆ ಬಟ್ಟೆಯಿಂದ ಆಗದು, ಅದಕ್ಕೆ ರಿಪೇರಿ ಕಿಟ್ ಬೇಕು. ಕೈಗೆ ಅಭ್ಯಾಸವಿಲ್ಲದವರು ಇಡೀ ಪಂಪನ್ನೇ ಇನ್ನೊಂದು ಇಟ್ಟುಕೊಳ್ಳುವುದು ಒಳ್ಳೆಯದು. ಎರಡು ಬೋಲ್ಟು ಬಿಚ್ಚಿದರೆ ಬದಲಾಯಿಸಬಹುದು.

ಇನ್ನೊಂದು ಹೊಸ ಸಂಗತಿ ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದಾದ್ಯಂತ ಪಂಪುಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಹಳೆ ಕಾರಿನ ರಬ್ಬರ್ ಪೈಪು, ಡಯಾಫ್ರಮ್, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ಕಾಲಕ್ರಮದಲ್ಲಿ ಮೆತ್ತಗಾಗಿ ಬಿರುಕು ಬಿಡಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಹೊರಡುವ ಮೊದಲೇ ಎಥನಾಲ್ ತಡೆಯುವ ಪೈಪು ಹಾಕಿಸಿ, ಅದೇ ಪೈಪು ಒಂದು ಮೀಟರ್, ನಾಲ್ಕೈದು ಕ್ಲಿಪ್ ಮತ್ತು ಒಂದು ಪೆಟ್ರೋಲ್ ಫಿಲ್ಟರ್ ಜೊತೆಗಿಡಬೇಕು. ಡ್ರೈವರ್ ಸೀಟಿನ ಬಳಿ ಕೈಗೆ ಸಿಗುವಂತೆ ಸಣ್ಣ ಅಗ್ನಿಶಾಮಕ ಸಿಲಿಂಡರೂ ಇರಲಿ. ಉಳಿದ ಯಾವುದರಲ್ಲಿ ಜಿಪುಣತನ ಮಾಡಿದರೂ ಇದರಲ್ಲಿ ಬೇಡ. ಟ್ಯಾಂಕಿಗೆ ಕಲ್ಲು ತಾಗಿ ಸಣ್ಣ ತೂತಾದರೆ ಸ್ನಾನದ ಸಾಬೂನನ್ನು ಒತ್ತಿ ಉಜ್ಜಿ ಹತ್ತಿರದ ಗ್ಯಾರೇಜಿನ ತನಕ ಹೋಗುವವರಿದ್ದಾರೆ. ಸಾಬೂನು ಹೇಗೂ ಬ್ಯಾಗಿನಲ್ಲಿ ಇದ್ದೇ ಇರುತ್ತದೆ.

ಬೆಲ್ಟು, ನೀರು, ಟ್ಯೂಬು

ಒಂದೇ ಒಂದು ಬಿಡಿಭಾಗ ಒಯ್ಯುತ್ತೇವೆ ಎನ್ನುವವರಿಗೆ ಉತ್ತರ: ಫ್ಯಾನ್ ಬೆಲ್ಟ್. ಪದ್ಮಿನಿಯಲ್ಲಿ ನೀರಿನ ಪಂಪು, ಫ್ಯಾನು, ಬ್ಯಾಟರಿ ಚಾರ್ಜು ಮಾಡುವ ಡೈನಮೊ ಅಥವಾ ಆಲ್ಟರ್ನೇಟರ್ ಎಲ್ಲವೂ ಆ ಒಂದು ಬೆಲ್ಟನ್ನೇ ನಂಬಿವೆ. ಅದು ಕಡಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಊರಿನ ಮದುವೆಯ ಖರ್ಚಿಗಿಟ್ಟ ಹಣ ಗ್ಯಾರೇಜಿಗೆ ಹೋಗುತ್ತದೆ. ಬೆಲ್ಟಿನ ಬದಲು ಹಗ್ಗವೋ ಸೀರೆಯ ತುಂಡೋ ಕಟ್ಟಿ ಹೋದ ಕಥೆಗಳು ಸಂಘದ ಕಟ್ಟೆಯಲ್ಲಿ ಕೇಳಲು ಚಂದ, ನಂಬಿ ಹೊರಡಲು ಅಲ್ಲ.

ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳ ಆಕಾರ ಬೇರೆ ಬೇರೆ, ಎರಡನ್ನೂ ಇಡಬೇಕು. ಐದು ಲೀಟರಿನ ಎರಡು ಕ್ಯಾನ್ ನೀರು ಕಾರಿಗೆ, ಕುಡಿಯುವ ನೀರು ಬೇರೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರ ಉದಾಹರಣೆ ಪ್ರತಿ ಊರಿನಲ್ಲೂ ಸಿಗುತ್ತದೆ. ಅರ್ಧ ಗಂಟೆ ತಾಳ್ಮೆ ಬೇಕು.

ಟಯರಿನ ಸಂಗತಿ ಹಲವರಿಗೆ ಹೊಳೆಯುವುದೇ ಇಲ್ಲ. ಪದ್ಮಿನಿಯದು 14 ಇಂಚಿನ ಸಪೂರ ಟಯರು, ಮಾರುತಿಯದು 12 ಇಂಚು, ಒಳಗೆ ಟ್ಯೂಬು. ಹೆದ್ದಾರಿ ಬದಿಯ ಟಯರ್ ಅಂಗಡಿಯಲ್ಲಿ ಇಂದು ರಾಶಿ ಬಿದ್ದಿರುವುದು ದೊಡ್ಡ ಗಾಡಿಗಳ ಟ್ಯೂಬ್‌ಲೆಸ್ ಮಾಲು. ಪಂಕ್ಚರ್ ಹಾಕಿಯಾರು, ಟ್ಯೂಬೇ ಹರಿದರೆ ಕೊಡಲು ಅವರಲ್ಲಿಲ್ಲ. ಸ್ಟೆಪ್ನಿಗೆ ಗಾಳಿ ತುಂಬಿಸುವುದರ ಜೊತೆಗೆ ಅದೇ ಅಳತೆಯ ಎರಡು ಟ್ಯೂಬುಗಳನ್ನು ಪೌಡರ್ ಹಾಕಿ ಮಡಚಿ ಇಡಬೇಕು. ಜ್ಯಾಕ್ ಜೊತೆ ಒಂದು ಅಗಲವಾದ ಮರದ ಹಲಗೆ ಬೇಕು, ಮಳೆ ಬಂದ ಕೆಂಪು ಮಣ್ಣಿನಲ್ಲಿ ಜ್ಯಾಕ್ ಕಾರನ್ನು ಎತ್ತುವ ಬದಲು ತಾನೇ ಹೂತುಹೋಗುತ್ತದೆ. ಚಕ್ರಕ್ಕೆ ಅಡ್ಡ ಇಡಲು ಎರಡು ಮರದ ತುಂಡು. ಘಾಟಿಯಲ್ಲಿ ಕಲ್ಲು ಹುಡುಕುತ್ತಾ ಕೂರಲಾಗದು.

ಸ್ಪ್ಯಾನರಿನ ಲೆಕ್ಕ ಕಾರಿಗೆ ತಕ್ಕಂತೆ. ಫಿಯೆಟ್, ಮಾರುತಿಗಳಿಗೆ ಮಿಲಿಮೀಟರ್ ಅಳತೆ. 8ರಿಂದ 19ರ ತನಕದ ಒಂದು ಸೆಟ್ ಸಾಕು. ಆದರೆ ಹಳೆ ಪೆಟ್ರೋಲ್ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ವಂಶದ್ದು, ಅದರ ನಟ್ಟು-ಬೋಲ್ಟು ಇಂಚಿನ ಲೆಕ್ಕದಲ್ಲಿ. ಪಕ್ಕದ ಮನೆಯವರ ಫಿಯೆಟ್ ಸೆಟ್ ಕೇಳಿ ಒಯ್ದರೆ ನಟ್ಟಿನ ಮೂಲೆ ಸವೆದು ಕೆಲಸ ಇಮ್ಮಡಿಯಾಗುತ್ತದೆ. ಪ್ಲಗ್ ಪಾನಾ, ಎರಡು ಬಗೆಯ ಸ್ಕ್ರೂಡ್ರೈವರ್, ಪಕ್ಕಡ್, ಸುತ್ತಿಗೆ, ಬೈಂಡಿಂಗ್ ವಯರ್, ಇನ್ಸುಲೇಶನ್ ಟೇಪ್, ಎಂ-ಸೀಲ್, ಬಲ್ಬು, ಫ್ಯೂಸು, ಒಂದು ಲೀಟರ್ ಎಂಜಿನ್ ಆಯಿಲ್, ಬ್ರೇಕ್ ಆಯಿಲಿನ ಬಾಟಲಿ, ಎಳೆಯುವ ಹಗ್ಗ, ತಲೆಗೆ ಕಟ್ಟುವ ಟಾರ್ಚ್. ಮಾರುತಿಗೆ ಕ್ಲಚ್ ಕೇಬಲ್ ಮತ್ತು ಆ್ಯಕ್ಸಿಲರೇಟರ್ ಕೇಬಲ್ ಮರೆಯಬಾರದು. ಅದರ ಟೈಮಿಂಗ್ ಬೆಲ್ಟ್ ಮಾತ್ರ ದಾರಿ ಬದಿಯಲ್ಲಿ ಬದಲಿಸುವ ಮಾಲಲ್ಲ, ಅವಧಿ ಮುಗಿದಿದ್ದರೆ ಮುಂಬಯಿಯಲ್ಲೇ ಬದಲಿಸಿ ಹೊರಡಬೇಕು.

ಎಲ್ಲಿಡುವುದು?

ಇಷ್ಟೆಲ್ಲ ಕಟ್ಟಿಕೊಂಡರೂ ಸಮಯಕ್ಕೆ ಸಿಗದಿದ್ದರೆ ಏನು ಫಲ? ಹೋಗುವಾಗ ಡಿಕ್ಕಿಯಲ್ಲಿ ಊರಿನವರಿಗೆ ಒಯ್ಯುವ ಬಟ್ಟೆಬರೆ, ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ಭರಣಿ, ಮೇಲೊಂದು ಹಲಸಿನ ಹಣ್ಣು. ಅದರಡಿಯಲ್ಲಿ ಸ್ಟೆಪ್ನಿ, ಅದರಡಿಯಲ್ಲಿ ಜ್ಯಾಕ್. ಮಳೆಯಲ್ಲಿ ಪಂಕ್ಚರ್ ಆದಾಗ ಇಡೀ ಸಂಸಾರವನ್ನು ರಸ್ತೆಗೆ ಇಳಿಸಬೇಕು. ಆಗಾಗ ಬೇಕಾಗುವ ಪಾನಾ, ಬೆಲ್ಟು, ಡೆಲ್ಕೊ ಡಬ್ಬಿ, ಟಾರ್ಚುಗಳನ್ನು ದಪ್ಪ ಬಟ್ಟೆಯ ಚೀಲದಲ್ಲಿ ಸುತ್ತಿ ಮುಂದಿನ ಸೀಟಿನ ಕೆಳಗೆ ಅಲುಗಾಡದಂತೆ ಇಡುವುದು ಉತ್ತಮ. ಬ್ರೇಕ್ ಪೆಡಲಿನ ಕೆಳಗೆ ಉರುಳದಂತೆ ನೋಡಿಕೊಳ್ಳಬೇಕು. ಸ್ಟೆಪ್ನಿ ಮತ್ತು ಜ್ಯಾಕ್ ಎಲ್ಲಕ್ಕಿಂತ ಕೊನೆಗೆ ಡಿಕ್ಕಿಗೆ ಹೋಗಲಿ. ಹೊಳೆಯುವ ತ್ರಿಕೋನ ಫಲಕ ಹಿಂದಿನ ಗಾಜಿನ ಬಳಿ ಇರಲಿ, ಕಾರು ನಿಂತೊಡನೆ ಮೊದಲು ಅದನ್ನು ಹಿಂದೆ ದೂರದಲ್ಲಿ ಇಟ್ಟು, ಮಕ್ಕಳು-ಹಿರಿಯರನ್ನು ರಸ್ತೆಯಿಂದ ಆಚೆ ಕೂರಿಸಿ, ಆಮೇಲೆ ಬಾನೆಟ್ ಎತ್ತಬೇಕು. ಹೆದ್ದಾರಿ ಸಹಾಯವಾಣಿ 1033, ತುರ್ತು ಸಂಖ್ಯೆ 112.

ಕಾಗದಪತ್ರಗಳೂ ಬಿಡಿಭಾಗಗಳಷ್ಟೇ ಮುಖ್ಯ. 15 ವರ್ಷ ದಾಟಿದ ಕಾರಿಗೆ ನೋಂದಣಿ ನವೀಕರಣವಾಗಿರಬೇಕು, ಅದು ಐದೈದು ವರ್ಷಕ್ಕೆ ಸಿಗುತ್ತದೆ. ಪರಿಸರ ತೆರಿಗೆ ಕಟ್ಟಿರಬೇಕು, ವಿಮೆ ಮತ್ತು ಪಿಯುಸಿ ಚಾಲ್ತಿಯಲ್ಲಿರಬೇಕು. 2019ರ ಏಪ್ರಿಲ್‌ಗೆ ಮೊದಲಿನ ವಾಹನಗಳಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯವಾಗಿದೆ. ಎರಡು ರಾಜ್ಯದ ಗಡಿ ದಾಟುವಾಗ ಹಳೆ ಕಾರಿನ ಮೇಲೆ ಪೊಲೀಸರ ಕಣ್ಣು ತಾನಾಗಿ ಬೀಳುತ್ತದೆ.

ಹಗಲಿನಲ್ಲೇ ಘಾಟಿಗಳನ್ನು ದಾಟುವಂತೆ ಬೆಳಗ್ಗಿನ ಜಾವ ನಾಲ್ಕಕ್ಕೆ ಹೊರಟು, ಸಾವಂತವಾಡಿಯಲ್ಲೋ ಗೋವಾದಲ್ಲೋ ರಾತ್ರಿ ತಂಗುವುದು ಹಳೆ ಕಾರಿಗೂ ಹಳೆ ಚಾಲಕನಿಗೂ ಹಿತ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕು; ಹಳೆಯ ಡ್ರಮ್ ಬ್ರೇಕು ಸತತ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ಎರಡು-ಮೂರು ಗಂಟೆಗೊಮ್ಮೆ ನಿಂತು ಬಾನೆಟ್ ಎತ್ತಿ ಬೆಲ್ಟು, ನೀರು, ಪೆಟ್ರೋಲ್ ಪೈಪು ನೋಡಬೇಕು. ದಾರಿಯಲ್ಲಿ ಏನಾದರೂ ರಿಪೇರಿ ಮಾಡಿದರೆ ಹೊರಡುವ ಮೊದಲು ಪಾನಾಗಳನ್ನು ಎಣಿಸಿ ಚೀಲಕ್ಕೆ ಹಾಕಬೇಕು. ಏರ್ ಫಿಲ್ಟರಿನ ಮೇಲೆ ಮರೆತ ಪ್ಲಗ್ ಪಾನಾ ಹಾತಖಂಬಾ ಮುಟ್ಟುವಷ್ಟರಲ್ಲಿ ಎಲ್ಲೋ ಬಿದ್ದಿರುತ್ತದೆ.