ಮಹಡಿ ಏರುತ್ತದೆ, ನೀರು ಏರುತ್ತದೆಯೇ?

ಮಗನೋ ತಮ್ಮನೋ ಹುಬ್ಬಳ್ಳಿ, ಬೆಂಗಳೂರು ಕಡೆ ಮನೆ ಹುಡುಕುತ್ತಿದ್ದರೆ 'ಎಫ್‌ಎಆರ್' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಪಡಸಾಲೆಯಲ್ಲಿ ಗಂಡಸರು ಆಡುವ ಮಾತು, ನಮಗೇಕೆ ಎಂದು ನಾವು ಒಳಗೆ ರೊಟ್ಟಿ ಬಡಿಯುತ್ತ ಇದ್ದುಬಿಡುತ್ತೇವೆ. ಆದರೆ ಅದು ತಿಳಿಯಲಿಕ್ಕೆ ಆ ರೊಟ್ಟಿ ಹಿಟ್ಟೇ ಸಾಕು ನೋಡ್ರಿ.

30×40 ಅಡಿಯ ಸೈಟೆಂದರೆ 1,200 ಚದರ ಅಡಿ. ಅಲ್ಲಿ ಎಫ್‌ಎಆರ್ 1.75 ಎಂದಿದ್ದರೆ ಎಲ್ಲ ಅಂತಸ್ತು ಸೇರಿ 2,100 ಚದರ ಅಡಿ ಕಟ್ಟಬಹುದು. ಅಷ್ಟೇ ಹಿಟ್ಟು, ಅಷ್ಟೇ ಮುದ್ದೆ. ಅಗಲಕ್ಕೆ ಬಡಿದರೆ ಎರಡಂತಸ್ತು, ಸುತ್ತ ಜಾಗ ಬಿಟ್ಟು ಸಣ್ಣಗೆ ಬಡಿದರೆ ಮೂರಂತಸ್ತು. ಎಫ್‌ಎಆರ್ ಏರಿಸುವುದೆಂದರೆ ಹಿಟ್ಟನ್ನೇ ಹೆಚ್ಚಿಗೆ ಕೊಡುವುದು. ಪರಾತ ಮಾತ್ರ ಹಳೆಯದೇ!

ಬೆಂಗಳೂರಿನಲ್ಲಿ ಈ ಜಗಳ ಬಹಳ ವರ್ಷದ್ದು. 2007ರಲ್ಲಿ ಜಾರಿಗೆ ಬಂದ ನಗರ ಯೋಜನೆ ದೊಡ್ಡ ನಿವೇಶನ, ಅಗಲ ರಸ್ತೆ ಇದ್ದಲ್ಲಿ 3.25ರವರೆಗೂ ಅವಕಾಶ ಕೊಟ್ಟಿತು. 2031ನೇ ಇಸವಿಗೆಂದು ಮಾಡಿದ ಹೊಸ ಕರಡು 2017ರ ನವೆಂಬರಿನಲ್ಲಿ ಹೊರಬಂತು. ಸಾವಿರಾರು ಆಕ್ಷೇಪಣೆ ಬಂದವು, 2020ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ದುಡ್ಡು ಕಟ್ಟಿದರೆ ಇನ್ನಷ್ಟು ಕಟ್ಟಲು ಬಿಡುವ 'ಪ್ರೀಮಿಯಂ ಎಫ್‌ಎಆರ್' ಬೇಕೇ ಬೇಡವೇ ಎಂಬ ವಾದವೂ ಸೇರಿಕೊಂಡಿತು. ಹಳೆ ಬಡಾವಣೆಯವರು ಬಿಸಿಲು ಹೋಯಿತು, ಗಟಾರ ಉಕ್ಕುತ್ತದೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರುವ ಹೆಣ್ಣುಮಗಳನ್ನು ಕೇಳಿದರೆ, ಹತ್ತಿರದಲ್ಲೇ ನಾಲ್ಕು ಮಹಡಿ ಹೆಚ್ಚಿಗೆ ಏಳಲಿ, ನನಗೂ ಒಂದು ಬಾಡಿಗೆ ಕೋಣೆ ಸಿಕ್ಕೀತು ಅಂತಾಳೆ. ಮನೆ ಮೇಲಕ್ಕೆ ಏರದಿದ್ದರೆ ಊರು ಅಡ್ಡಡ್ಡ ಬೆಳೆಯುತ್ತದೆ. ಬೈಲಹೊಂಗಲದ ಸುತ್ತ ಹತ್ತಿ ಬೆಳೆಯುವ ಎರಿ ಹೊಲ ಗುಂಟೆ ಲೆಕ್ಕದಲ್ಲಿ ಪ್ಲಾಟಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಹಡಿಯೇ ಬೇಡ ಅನ್ನುವವರ ಪೈಕಿ ನಾನಲ್ಲ.

ಹೆಚ್ಚಿಗೆ ಸಿಕ್ಕ ಹಿಟ್ಟಿನ ರೊಟ್ಟಿ ಯಾರ ತಾಟಿಗೆ ಬೀಳುತ್ತದೆ ಎಂಬುದೇ ನನ್ನ ಪ್ರಶ್ನೆ. ಬೆಂಗಳೂರಿನ ಕೋರಮಂಗಲದ ಪಕ್ಕ ಈಜಿಪುರವೆಂದಿದೆ. 1990ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ಬಡವರಿಗೆಂದು ಸುಮಾರು ಒಂದೂವರೆ ಸಾವಿರ ಮನೆ ಎದ್ದವು. ಕಳಪೆ ಕಟ್ಟಡ. 2007ರ ಹೊತ್ತಿಗೆ ಬ್ಲಾಕುಗಳು ಕುಸಿದು, ಉಳಿದವನ್ನೂ ಕೆಡವಿದರು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾದರು. ಆಮೇಲೆ ಪಾಲಿಕೆ ಒಂದು ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿತು. ಸುಮಾರು ಅರ್ಧ ಜಾಗದಲ್ಲಿ ಬಡವರ ಮನೆಗಳನ್ನು ಒತ್ತೊತ್ತಾಗಿ ಎತ್ತರಕ್ಕೆ ಕಟ್ಟುವುದು, ಉಳಿದರ್ಧದಲ್ಲಿ ಕಂಪನಿಯ ಮಾಲ್. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಶೆಡ್ಡುಗಳನ್ನು ಕೆಡವಿಸಿದರು. ನಿಮ್ಮಲ್ಲಿ ಬಹಳ ಜನ ಬಾಡಿಗೆದಾರರು, ಮೂಲ ಹಂಚಿಕೆಯವರಲ್ಲ ಎಂಬ ಉತ್ತರ ಬಂತು. ಎಷ್ಟೋ ಕುಟುಂಬಗಳು ಆಮೇಲೆ ಅದೇ ಗೋಡೆಯ ಹೊರಗೆ ಫುಟ್‌ಪಾತಿನ ಮೇಲೆ ಒಲೆ ಹೂಡಿದವು. ಚಳಿಗಾಲ, ಚಿಕ್ಕ ಮಕ್ಕಳು. ಯಾವ ತಾಯಿಯ ಹೆಸರಲ್ಲಿ ಕಾಗದವಿತ್ತು, ಯಾರ ಹೆಸರಲ್ಲಿ ಇರಲಿಲ್ಲ ಎಂಬುದರ ಮೇಲೆ ಅವರ ಬಾಳು ನಿಂತಿತು.

ಎಲ್ಲ ಕಡೆ ಹೀಗೇ ಆಗುತ್ತದೆಂದಲ್ಲ. ನಮ್ಮ ಕಡೆಯ ಹಿರಿಯರು ಗಿರಣಿ ಕೆಲಸಕ್ಕೆಂದು ಹೋಗುತ್ತಿದ್ದ ಮುಂಬಯಿಯಲ್ಲಿ, ವರಳಿಯ ನೂರು ವರ್ಷದ ಹಳೆ ಬಿಡಿಡಿ ಚಾಳುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳೆದ್ದಿವೆ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ಸಿಕ್ಕಿತು. 160 ಚದರ ಅಡಿಯ ಕೋಣೆಯಲ್ಲಿದ್ದವರಿಗೆ 500 ಚದರ ಅಡಿಯ ಮನೆ, ಅದೂ ಅದೇ ಜಾಗದಲ್ಲಿ, ಪುಕ್ಕಟೆ.

ಇನ್ನು ನೀರಿನ ಮಾತು. ಒಳಚರಂಡಿ ಇರುವ ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರದ ಅಳತೆ. ಐದು ಜನರ ಒಂದು ಮನೆಗೆ 675 ಲೀಟರ್. ಆ ಮನೆ ಕೆಡವಿ ಎಂಟು ಫ್ಲಾಟು ಕಟ್ಟಿದರೆ 5,400 ಲೀಟರ್. ನಲ್ಲಿಯ ಕೊಳವೆ ದಪ್ಪವಾಯಿತೇ? ಹೊಲಸು ನೀರು ಹೋಗುವ ಕೊಳವೆ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟಿನವರು ಟ್ಯಾಂಕರಿನ ದಾರಿ ಕಾದರು. ಹುಬ್ಬಳ್ಳಿ-ಧಾರವಾಡದ ಫ್ಲಾಟುಗಳಿಗೆ ಹೋಗುವುದು ನಮ್ಮ ಮಲಪ್ರಭೆಯ ನೀರೇ, ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯದ್ದು. ಅಲ್ಲಿ ಏಳುವ ಪ್ರತಿ ಮಹಡಿಗೂ ನಮ್ಮ ಹೊಳೆಗೂ ನಂಟಿದೆಯಲ್ಲವೇ, ಸೋದರಿಯರೇ?

ನಿಮ್ಮ ಮನೆಯವರು ಹಳೆ ಕಟ್ಟಡದ ಜಾಗದಲ್ಲಿ ಏಳುವ ಫ್ಲಾಟು ನೋಡಿಬಂದರೆ, ಮೊದಲು ಭೂಮಿಯ ಪಾಲು ಎಷ್ಟೆಂದು ಕೇಳಿರಿ. 4,800 ಚದರ ಅಡಿಯ ಜಾಗದಲ್ಲಿ ಒಂದೇ ಅಳತೆಯ ಎಂಟು ಮನೆ ಇದ್ದಾಗ ಒಬ್ಬೊಬ್ಬರಿಗೆ 600 ಅಡಿಯ ಅವಿಭಾಜ್ಯ ಪಾಲು. ಹದಿನಾರಾದರೆ 300. ಮನೆಯ ಅಳತೆಯೂ ಅಷ್ಟೇ. 2016ರ ರೇರಾ ಕಾನೂನು ಬಂದಮೇಲೆ ಕಟ್ಟುವವರು ಗೋಡೆಯೊಳಗಿನ 'ಕಾರ್ಪೆಟ್ ಏರಿಯಾ' ಹೇಳಲೇಬೇಕು. ಮೆಟ್ಟಿಲು, ಲಿಫ್ಟು ಕೂಡಿಸಿ ದೊಡ್ಡ ಸಂಖ್ಯೆ ಹೇಳಿದರೆ ತಲೆ ಅಲ್ಲಾಡಿಸಬೇಡಿರಿ. ಕೊಳ್ಳುವವರು ಕಟ್ಟಿದ ಹಣದಲ್ಲಿ ನೂರಕ್ಕೆ 70ನ್ನು ಆ ಕೆಲಸಕ್ಕೆಂದೇ ಬೇರೆ ಬ್ಯಾಂಕ್ ಖಾತೆಯಲ್ಲಿಡಬೇಕೆಂದೂ ಅದೇ ಕಾನೂನಿನಲ್ಲಿದೆ. ಕರಾರುಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ. ಈಜಿಪುರದ ಕಾಗದದ ಕಥೆ ಕೇಳಿದಿರಲ್ಲ!

ನಗರ ಯೋಜನೆಯ ಕರಡು ಪ್ರಕಟವಾದರೆ ಆಕ್ಷೇಪಣೆ, ಸಲಹೆ ಕೊಡಲು 60 ದಿನ ಇರುತ್ತದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೂ ಆದೀತು, ವಕೀಲರೇ ಬೇಕೆಂದಿಲ್ಲ. ಓಣಿಯ ನಾಲ್ಕು ಜನ ಕೂಡಿ ಸಹಿ ಮಾಡಿ, ಕೊಟ್ಟದ್ದಕ್ಕೆ ಠಸ್ಸೆ ಹಾಕಿಸಿಕೊಳ್ಳಿರಿ. ಫ್ಲಾಟೇ ಕೊಳ್ಳುವುದಾದರೆ ಇನ್ನೊಂದು ಮಾತು ಕೇಳಿಕೊಂಡು ಬರಲು ಹೇಳಿರಿ: ಟೆರೇಸು ಎಲ್ಲರದೋ, ಇಲ್ಲಾ ಮೇಲಿನ ಮನೆಯವರದೋ? ಹದಿನಾರು ಮನೆಯ ಹಪ್ಪಳ ಸಂಡಿಗೆ ಒಣಗಬೇಕಲ್ರಿ.