ಕಂಬ ಯಾಕೆ ವಾಲಿತು?

ಆದವಾನಿಯಿಂದ ಮಂತ್ರಾಲಯಂ ರೋಡ್ ಕಡೆ ರೈಲಿನಲ್ಲಿ ಹೋಗುವಾಗ ಮೊಬೈಲ್ ಅಡ್ಡ ಹಿಡಿದು ಕಿಟಕಿಯಿಂದ ಫೋಟೋ ತೆಗೆದಿದ್ದೀರಾ? ದೂರದ ಗುಡ್ಡ ಸರಿಯಾಗಿರುತ್ತೆ, ಹಳಿ ಪಕ್ಕದ ಕರೆಂಟ್ ಕಂಬ ಮಾತ್ರ ವಾಲಿರುತ್ತೆ. ಕಂಬ ನೆಟ್ಟಗೇ ಇದೆ. ಹಾಗಾದರೆ ಫೋನ್ ಕೆಟ್ಟಿದೆಯೇ? ಅದೂ ಇಲ್ಲ.

ಫೋಟೋ ಅಂದರೆ ಒಂದೇ ಕ್ಷಣದ ಚಿತ್ರ ಅಂತ ತಿಳಿದಿರುತ್ತೇವೆ. ಮೊಬೈಲ್ ಕ್ಯಾಮೆರಾ ಹಾಗೆ ಕೆಲಸ ಮಾಡೋದಿಲ್ಲ. ಅದರ ಸೆನ್ಸರ್, ನಾವು ಪುಟ ಓದುವ ಹಾಗೆ, ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ. ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತಾರೆ. ಮೇಲಿನ ಸಾಲಿನಿಂದ ಕೊನೆಯ ಸಾಲಿಗೆ ಬರಲು 1/50 ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳೋಣ. ಗಂಟೆಗೆ 90 ಕಿ.ಮೀ. ವೇಗದ ರೈಲು ಸೆಕೆಂಡಿಗೆ 25 ಮೀಟರ್ ಹೋಗುತ್ತೆ. 1/50 ಸೆಕೆಂಡಿನಲ್ಲಿ ಅರ್ಧ ಮೀಟರ್. ಫೋಟೋ ತುಂಬ ನಿಂತ ಕಂಬದ ತುದಿ ದಾಖಲಾಗಿ ಬುಡದ ಸರದಿ ಬರುವಷ್ಟರಲ್ಲಿ ನೀವು ಅಷ್ಟು ಮುಂದೆ ಹೋಗಿರುತ್ತೀರಿ, ಬುಡ ಹಿಂದೆ ಬೀಳುತ್ತೆ. ಗುಡ್ಡಕ್ಕೂ ಹೀಗೇ ಆಗುತ್ತೆ, ದೂರ ಇರೋದರಿಂದ ಗೊತ್ತಾಗೋದಿಲ್ಲ ಅಷ್ಟೆ.

ಇದು ಮೊಬೈಲ್‌ನಿಂದ ಶುರುವಾದದ್ದಲ್ಲ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ನೂರು ವರ್ಷಕ್ಕೂ ಹಿಂದೆ ತೆಗೆದ ರೇಸ್ ಕಾರಿನ ಫೋಟೋದಲ್ಲಿ ಚಕ್ರ ಮೊಟ್ಟೆಯ ಹಾಗೆ ವಾಲಿದೆ. ಆ ಕ್ಯಾಮೆರಾದೊಳಗೆ ಪರದೆಯ ಸೀಳೊಂದು ಸರಿಯುತ್ತಾ ಬೆಳಕು ಬಿಡುತ್ತಿತ್ತು.

ಈಗ ಫೋನನ್ನು ನೆಟ್ಟಗೆ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. (ಕೈ ಕಿಟಕಿಯ ಹೊರಗೆ ಬೇಡ!) ಆಗ ಸಾಲುಗಳು ಸಾಮಾನ್ಯವಾಗಿ ಕಂಬದ ಉದ್ದಕ್ಕೇ ಇರುತ್ತವೆ. ಕಂಬ ವಾಲೋದಿಲ್ಲ, ತುಸು ಸಣ್ಣಗೆ ಇಲ್ಲವೇ ದಪ್ಪಗೆ ಕಾಣುತ್ತೆ. ಯಾವಾಗ ಸಣ್ಣ, ಯಾವಾಗ ದಪ್ಪ? ರೈಲು ಹೋಗುವ ದಿಕ್ಕು ಬರೆದಿಟ್ಟುಕೊಂಡು ನೋಡಿ.