ಮೂಗು ಸವೆದ ಗೊಂಬೆ

"ತಾತಾ, ಈ ಗೊಂಬೆಗೆ ಮೂಗೇ ಇಲ್ಲ! ಯಾರು ಮುರಿದರು?"

ಹೋದ ವರ್ಷ ಬೇಸಿಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಒಂದು ಶನಿವಾರ ಮೊಮ್ಮಗಳು ನನ್ನನ್ನು ಅವರೂರಿನ ವಸ್ತುಸಂಗ್ರಹಾಲಯಕ್ಕೆ ಎಳೆದುಕೊಂಡು ಹೋದಳು. ಅವಳಿಗೆ ಒಂಬತ್ತು ವರ್ಷ. ಡೈನೋಸಾರ್ ಮೂಳೆ ನೋಡಿ ಮುಗಿಸಿ ಆಫ್ರಿಕಾ ವಿಭಾಗಕ್ಕೆ ಬಂದಾಗ ಗಾಜಿನ ಪೆಟ್ಟಿಗೆಯೊಳಗೆ ಒಂದು ಮರದ ಗೊಂಬೆ ನಿಂತಿತ್ತು. ಎತ್ತರ ಒಂದು ಗೇಣು, ಹೆಚ್ಚೆಂದರೆ ಇನ್ನೆರಡು ಬೆರಳು. ದೊಡ್ಡ ತಲೆ, ಗೋಪುರದಂಥ ತುರುಬು. ಮುಖ ಮಾತ್ರ ಹಳೇ ನಾಣ್ಯದ ಹಾಗೆ ನುಣ್ಣಗೆ ಸವೆದುಹೋಗಿತ್ತು.

ನಾನು ನೋಡಿದ ಸಿನಿಮಾಗಳ ಪ್ರಭಾವವೋ ಏನೋ, "ಏನೋ ಮಾಟದ ಗೊಂಬೆ ಇರಬೇಕು ಬಾರಮ್ಮ" ಅಂದುಬಿಟ್ಟೆ. ಅವಳು ಕೆಳಗಿದ್ದ ಚೀಟಿ ಓದಿದಳು. ಅವಳಿ ಮಗುವಿನ ಪ್ರತಿಮೆ, ಯೊರುಬಾ ಜನ, ನೈಜೀರಿಯಾ, ಅಷ್ಟೇ ಇತ್ತು. ಅವಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಅಲ್ಲಿಂದ ಕದಲಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಮಾರನೆಯ ದಿನದಿಂದ ಅಲ್ಲಿನ ಗ್ರಂಥಾಲಯದಲ್ಲಿ ಕೂತು ದಪ್ಪ ಪುಸ್ತಕಗಳನ್ನು ತಿರುವಿದೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನಿಗೆ ಲೆಕ್ಕ ತಾಳೆಯಾಗದೆ ನಿದ್ದೆ ಬಾರದು.

ಯೊರುಬಾ ಜನ ನೈಜೀರಿಯಾದ ನೈರುತ್ಯ ಭಾಗದಲ್ಲೂ ಪಕ್ಕದ ಬೆನಿನ್ ದೇಶದಲ್ಲೂ ಇದ್ದಾರೆ. ಅವಳಿ ಮಕ್ಕಳು ಅಲ್ಲಿ ಹುಟ್ಟುವಷ್ಟು ಪ್ರಪಂಚದ ಬೇರೆ ಕಡೆ ಹುಟ್ಟುವುದು ಅಪರೂಪ. ಎಲ್ಲ ದೇಶ ಸೇರಿಸಿ ನೋಡಿದರೆ ಸಾವಿರ ಹೆರಿಗೆಗೆ ಸುಮಾರು 12 ಜೋಡಿ. ಯೊರುಬಾ ನಾಡಿನಲ್ಲಿ ಸುಮಾರು 45 ಜೋಡಿ, ಅಂದರೆ ಇಪ್ಪತ್ತೆರಡು ಹೆರಿಗೆಗೆ ಒಂದು. ಇಗ್ಬೊ-ಓರಾ ಎಂಬ ಊರಿನಲ್ಲಂತೂ ಅವಳಿಗಳಿಗೆಂದೇ ಹಬ್ಬ ನಡೆಯುತ್ತದೆ. ನಾವು ತಿನ್ನುವ ಬೆಂಡೆ ಎಲೆಯ ಸಾರಿನಿಂದಲೇ ಹೀಗೆ ಎನ್ನುತ್ತಾರೆ ಊರಿನವರು. ವಿಜ್ಞಾನಿಗಳು ತಲೆಯಾಡಿಸಿಲ್ಲ.

ಅವಳಿ ಮಕ್ಕಳಿಗೆ ಅಲ್ಲಿ ಹೆಸರು ಹುಡುಕುವ ಕಷ್ಟವಿಲ್ಲ. ಗಂಡಾಗಲಿ ಹೆಣ್ಣಾಗಲಿ, ಮೊದಲು ಬಂದದ್ದು ತಾಯಿವೊ, ಆಮೇಲೆ ಬಂದದ್ದು ಕೆಹಿಂದೆ. ಇವು ಮಕ್ಕಳು ಹುಟ್ಟುವಾಗಲೇ ಮೇಲಿಂದ ತರುವ ಹೆಸರುಗಳಂತೆ. ಕೆಹಿಂದೆ ಎಂದರೆ ಹಿಂದಿನಿಂದ ಬಂದವನು. ನಮ್ಮ 'ಹಿಂದೆ'ಗೂ ಅದಕ್ಕೂ ಸಂಬಂಧವಿಲ್ಲ, ಕಾಕತಾಳೀಯ, ಆದರೆ ಮಕ್ಕಳೇ, ನೆನಪಿಟ್ಟುಕೊಳ್ಳಲು ಸುಲಭವಾಯಿತಲ್ಲ! ಇನ್ನೊಂದು ತಮಾಷೆ ಕೇಳಿ. ಅವರ ಪ್ರಕಾರ ಹಿಂದೆ ಬಂದ ಕೆಹಿಂದೆಯೇ ದೊಡ್ಡವನು. "ಹೋಗಿ ನೋಡಿ ಬಾ, ಲೋಕ ಚೆನ್ನಾಗಿದೆಯಾ?" ಎಂದು ಅವನು ತಮ್ಮ ತಾಯಿವೊನನ್ನು ಮುಂದೆ ಕಳಿಸುತ್ತಾನಂತೆ. ತಾಯಿವೊ ಬಂದು ಅತ್ತ ಸದ್ದು ಕೇಳಿದ ಮೇಲೆ ಅಣ್ಣನ ಸವಾರಿ ಹೊರಡುತ್ತದೆ.

ಆದರೆ ಅವಳಿ ಮಕ್ಕಳು ಸಣ್ಣಗಿರುತ್ತವೆ, ದಿನ ತುಂಬುವ ಮೊದಲೇ ಹುಟ್ಟುವುದೂ ಹೆಚ್ಚು. ಹಿಂದಿನ ಕಾಲದಲ್ಲಿ ಎರಡರಲ್ಲಿ ಒಂದು ಉಳಿದು ಒಂದು ಹೋಗುವುದು ಸಾಮಾನ್ಯವಾಗಿತ್ತು. ಇಬ್ಬರಿಗೂ ಆತ್ಮ ಒಂದೇ ಎಂಬುದು ಯೊರುಬಾ ಜನರ ನಂಬಿಕೆ. ಒಂದು ಮಗು ಹೋದರೆ ಅರ್ಧ ಆತ್ಮ ಹೋದಂತೆ. ಆ ಅರ್ಧಕ್ಕೆ ನಿಲ್ಲಲು ಒಂದು ಜಾಗ ಮಾಡಿಕೊಡದಿದ್ದರೆ ಅದು ಉಳಿದವನನ್ನೂ ಕರೆದುಕೊಂಡು ಹೋದೀತು. ಹಾಗಾಗಿ ತಂದೆತಾಯಿ ಬಬಲಾವೊನ ಬಳಿಗೆ, ಎಂದರೆ ಶಕುನ ನೋಡಿ ಹೇಳುವ ಪೂಜಾರಿಯ ಬಳಿಗೆ ಹೋಗುತ್ತಿದ್ದರು. ಅವನು ಹೇಳಿದ ಮೇಲೆ ಕೆತ್ತನೆಯವನಿಂದ ಈ ಗೊಂಬೆ ಮಾಡಿಸುತ್ತಿದ್ದರು. ಇದಕ್ಕೆ ಎರೆ ಇಬೇಜಿ ಎನ್ನುತ್ತಾರೆ. ಎರೆ ಎಂದರೆ ಪ್ರತಿಮೆ, ಇಬೇಜಿ ಎಂದರೆ ಅವಳಿ.

ಸತ್ತದ್ದು ಹಸುಗೂಸಾದರೂ ಕೆತ್ತಿದ್ದು ಪ್ರಾಯಕ್ಕೆ ಬಂದ ಆಳು. ಹುಡುಗನಾದರೆ ಗಂಡಿನ ಆಕಾರ, ಹುಡುಗಿಯಾದರೆ ಹೆಣ್ಣಿನ ಆಕಾರ. ಒಟ್ಟು ಎತ್ತರದಲ್ಲಿ ಮೂರರಲ್ಲೊಂದು ಪಾಲು ತಲೆಯೇ, ಏಕೆಂದರೆ ಮನುಷ್ಯನ ಹಣೆಬರಹ ತಲೆಯಲ್ಲಿದೆ ಎಂಬುದು ಅವರ ಎಣಿಕೆ. (ಇದರಲ್ಲಿ ನಮಗೂ ಅವರಿಗೂ ಹೆಚ್ಚು ಜಗಳವಿಲ್ಲ.) ತುರುಬಿನ ಕಟ್ಟು, ಕೆನ್ನೆಯ ಗೆರೆಗಳು ಊರಿಂದೂರಿಗೆ ಬೇರೆ. ಬಲ್ಲವರು ಗೊಂಬೆ ನೋಡಿ ಇದು ಇಂಥ ಊರಿನ ಕೆಲಸ ಎಂದುಬಿಡುತ್ತಾರೆ.

ಗೊಂಬೆ ಮನೆಗೆ ಬಂದ ಮೇಲೆ ತಾಯಿಯ ಕೆಲಸ ಶುರು. ಬದುಕಿರುವ ಮಗುವಿಗೆ ಏನೇನು ಮಾಡುತ್ತಾಳೋ ಅದನ್ನೇ ಇದಕ್ಕೂ ಮಾಡಬೇಕು. ನೀರೆರೆದು ತೊಳೆಯುತ್ತಾಳೆ. ಕೆಂಪು ಮರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೈಗೆ ತಿಕ್ಕುತ್ತಾಳೆ. ಅವಳಿಗಳಿಗೆ ಇಷ್ಟವೆಂದು ಕಾಳು ಬೇಯಿಸಿ ಚೂರು ತುಟಿಗೆ ಮುಟ್ಟಿಸುತ್ತಾಳೆ. ಮಣಿಸರ ಹಾಕುತ್ತಾಳೆ, ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡು ಸಂತೆಬೀದಿಯಲ್ಲಿ ಕುಣಿಯುತ್ತಾಳೆ. ರಾತ್ರಿ ಮಲಗಿಸುತ್ತಾಳೆ. ವರ್ಷಗಟ್ಟಲೆ ಹೀಗೆ ತಿಕ್ಕಿ, ತೊಳೆದು, ಉಣ್ಣಿಸಿ ಮೂಗು, ಕಣ್ಣು, ತುಟಿ ಸವೆದುಹೋಗುತ್ತವೆ. ಹೆಚ್ಚು ಸವೆದಷ್ಟೂ ಹೆಚ್ಚು ಆರೈಕೆ ಕಂಡ ಮಗು ಅಂತ ಅರ್ಥ. ಮೂಗನ್ನು ಯಾರೂ ಮುರಿದಿರಲಿಲ್ಲ.

ತುರುಬಿಗೆ ನೀಲಿ ಬಣ್ಣ. ಮೊದಲು ಗಿಡದ ನೀಲಿ ಹಚ್ಚುತ್ತಿದ್ದರು. ಆಮೇಲೆ ಬಿಳಿ ಬಟ್ಟೆಗೆ ಹಾಕುವ ರೆಕಿಟ್ ಕಂಪೆನಿಯ ನೀಲಿ ಬಂತು, ಅದನ್ನೇ ಹಚ್ಚಿದರು. ನಮ್ಮ ಪಂಚೆಗಳಿಗೆ ಹಾಕುತ್ತಿದ್ದ ರಾಬಿನ್ ನೀಲಿಯೂ ಅದೇ ಕಂಪೆನಿಯದು ಎಂದು ಮೊಮ್ಮಗಳಿಗೆ ಹೇಳಿದರೆ ಅವಳಿಗೆ ರಾಬಿನ್ ನೀಲಿಯೇ ಗೊತ್ತಿಲ್ಲ! ಅಜ್ಜಿಯರು ತಿಳಿಸಿ ಹೇಳಬೇಕು.

ಕೆಲವು ಗೊಂಬೆಗಳಿಗೆ ಕವಡೆಯ ಸರ, ಕವಡೆ ಹೊಲಿದ ಅಂಗಿ. ಅವಳಿಗಳು ಮನೆಗೆ ಸಿರಿ ತರುತ್ತವೆ ಎಂಬ ನಂಬಿಕೆಗೆ ಕವಡೆಯೇ ಒಪ್ಪುವ ಒಡವೆ, ಏಕೆಂದರೆ ಆ ನಾಡಿನಲ್ಲಿ ಹಿಂದೆ ಕವಡೆಯೇ ದುಡ್ಡು. ನಲವತ್ತು ಕವಡೆಗೆ ಒಂದು ಸರ, ಐವತ್ತು ಸರಕ್ಕೆ ಒಂದು 'ತಲೆ', ಹತ್ತು ತಲೆಗೆ ಒಂದು ಚೀಲ. ಚೀಲಕ್ಕೆ 20,000 ಕವಡೆ! ನಗದು ಕೌಂಟರಿನಲ್ಲಿ ಕೂತು ಎಣಿಸಬೇಕಿದ್ದ ಗುಮಾಸ್ತನ ಪಾಡು ನೆನೆದು ನನಗೆ ಬೆವರು ಬಂತು. ಆ ಕವಡೆಗಳಲ್ಲಿ ಬಹುಪಾಲು ಹಡಗೇರಿ ಹೋದದ್ದು ನಮ್ಮ ಪಕ್ಕದ ಮಾಲ್ದೀವ್ಸ್‌ನಿಂದ. ನೀವು ಚೌಕಾಬಾರದಲ್ಲಿ ಗರ ಹಾಕುವ ಕವಡೆಯ ನೆಂಟರೇ ಅವು.

ಈಗ ನನ್ನ ಕಾರಣ. ನಾನೂ ಅವಳಿ. ನಮ್ಮ ಹಳ್ಳಿಯಲ್ಲಿ 1950ರಲ್ಲಿ ಸೂಲಗಿತ್ತಿಯ ಕೈಯಲ್ಲಿ ಇಬ್ಬರು ಹುಟ್ಟಿದೆವು. ನಾಮಕರಣಕ್ಕೆಂದು ನಮ್ಮ ತಾತ ಅಕ್ಕಸಾಲಿಗನ ಹತ್ತಿರ ಎರಡು ಜೊತೆ ಬೆಳ್ಳಿ ಕಾಲುಕಡಗ ಮಾಡಲು ಹೇಳಿದ್ದರಂತೆ. ಹನ್ನೊಂದನೆಯ ದಿನಕ್ಕೆ ಕಡಗ ಬಂತು. ಅಷ್ಟರಲ್ಲಿ ಒಬ್ಬ ಇರಲಿಲ್ಲ. ಅಮ್ಮ ಅವನ ಮಾತು ಆಡಿದ್ದು ನಾನು ಒಂದೆರಡು ಬಾರಿ ಕೇಳಿರಬಹುದು. ಆದರೆ ಪ್ರತಿ ದೀಪಾವಳಿಗೆ ಮುಂಚೆ ಪೆಟ್ಟಿಗೆಯಿಂದ ಎರಡೂ ಜೊತೆ ಕಡಗ ತೆಗೆದು ವಿಭೂತಿ ಹಚ್ಚಿ ಉಜ್ಜುತ್ತಿದ್ದಳು. ನನ್ನವು ಬೇಗ ಮುಗಿಯುತ್ತಿದ್ದವು. ಅವನವನ್ನು ಉಜ್ಜುತ್ತಲೇ ಇರುತ್ತಿದ್ದಳು. ಬೆಳ್ಳಿ ಸವೆಯುತ್ತದೆ ಬಿಡೇ ಎಂದು ಅಜ್ಜಿ ಬೈಯುತ್ತಿದ್ದರು.

ಕ್ರೈಸ್ತ, ಇಸ್ಲಾಂ ಧರ್ಮಗಳು ಹರಡಿದ ಮೇಲೆ ಯೊರುಬಾ ನಾಡಿನಲ್ಲಿ ಅನೇಕ ಕುಟುಂಬಗಳು ಈ ಗೊಂಬೆಗಳನ್ನು ಕೈಬಿಟ್ಟವು. ವ್ಯಾಪಾರಿಗಳು ಕೊಂಡರು. ಸಾವಿರಾರು ಗೊಂಬೆಗಳು ಯುರೋಪು, ಅಮೆರಿಕ ಸೇರಿದವು. ಕೆಲವು ತಾಯಂದಿರು ಮರದ ಬದಲು ಪ್ಲಾಸ್ಟಿಕ್ ಗೊಂಬೆ ಇಟ್ಟುಕೊಂಡರು. ನನಗೆ ಮರೆಯಲಾಗದ್ದು 1970ರ ಸುಮಾರಿನ ಫೋಟೋ ಸ್ಟುಡಿಯೋಗಳ ಉಪಾಯ. ಉಳಿದ ಮಗುವಿನ ಚಿತ್ರ ತೆಗೆದು ಅದನ್ನೇ ಪಕ್ಕಪಕ್ಕದಲ್ಲಿ ಎರಡು ಸಲ ಅಚ್ಚುಹಾಕುತ್ತಿದ್ದರು. ಇಬ್ಬರೂ ಕೂತಿರುವಂತೆ ಕಾಣುತ್ತಿತ್ತು. ಹೋದದ್ದು ಹೆಣ್ಣು, ಉಳಿದದ್ದು ಗಂಡಾಗಿದ್ದರೆ ಹುಡುಗನಿಗೆ ಒಮ್ಮೆ ಅವನ ಬಟ್ಟೆ, ಒಮ್ಮೆ ಅಕ್ಕತಂಗಿಯ ಬಟ್ಟೆ ತೊಡಿಸಿ ತೆಗೆಯುತ್ತಿದ್ದರು.

ವಾಪಸು ಹೊರಡುವ ಹಿಂದಿನ ದಿನ ಮೊಮ್ಮಗಳನ್ನು ಕರೆದುಕೊಂಡು ಇನ್ನೊಮ್ಮೆ ಹೋದೆ. ಮುಟ್ಟಬಾರದು ಎಂಬ ಫಲಕ ಅಲ್ಲೇ ಇತ್ತು. ದಿನವೂ ಮುಟ್ಟಲೆಂದೇ ಮಾಡಿದ ಗೊಂಬೆ ಗಾಜಿನ ಆಚೆ. ಅವಳಿಗೆ ಎಲ್ಲ ಹೇಳಿದೆ, ಕಡಗದ ಕಥೆಯನ್ನೂ.

"ನಿನ್ನ ತಮ್ಮನ ಹೆಸರೇನು ತಾತಾ?"

"ತಮ್ಮ ಅಲ್ಲಮ್ಮ, ಅಣ್ಣ. ಅವನೇ ಅರ್ಧ ಗಂಟೆ ಮುಂಚೆ ಹುಟ್ಟಿದ್ದು. ಹೆಸರಿಡುವ ಮೊದಲೇ ಹೋದ."

ಅವಳು ಗೊಂಬೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಮೊದಲು ಬಂದಿದ್ದರೆ ಅವನ ಹೆಸರು ತಾಯಿವೊ. ನೀನು ಕೆಹಿಂದೆ. ಹಾಗಾದರೆ ನೀನೇ ಅಣ್ಣ ತಾತಾ, ನೋಡಿ ಬಾ ಅಂತ ಅವನನ್ನು ನೀನೇ ಕಳಿಸಿದ್ದು."